ಚರ್ಚಿನ ಬಾಗಿಲಲ್ಲಿ ನಿಲ್ಲುವ ಕೆಲಸ

ನಮ್ಮದು ಚಿಕ್ಕ ಪ್ರಾಟೆಸ್ಟಂಟ್ ಸಭೆ. ಎಲ್ಲರೂ ಬಂದ ಭಾನುವಾರವೂ ಅರ್ಧ ಬೆಂಚು ಖಾಲಿ ಇರುತ್ತವೆ. ದೊಡ್ಡ ಚರ್ಚಿಗೆ ಹೋದ ಹೊಸಬರನ್ನು ಯಾರೂ ಮಾತಾಡಿಸುವುದಿಲ್ಲ ಅನ್ನುವ ದೂರು ಇದೆ. ಚಿಕ್ಕ ಚರ್ಚಿನಲ್ಲಿ ಇದು ಉಲ್ಟಾ. ಬಾಗಿಲು ಕಿರ್ ಅಂದರೆ ಸಾಕು, ಎಲ್ಲರ ಕತ್ತೂ ಹಿಂದಕ್ಕೆ ತಿರುಗುತ್ತದೆ. ಸಭೆಯ ಹಿರಿಯನಾಗಿ, ಬಂದವರನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಮೊದಲು ಮಾಡಿದ್ದು ಸ್ವಾಗತವನ್ನು ಕಡಿಮೆ ಮಾಡಿದ್ದು.

ಆರಾಧನೆಯ ಮಧ್ಯೆ "ಮೊದಲ ಸಲ ಬಂದವರು ಎದ್ದು ನಿಂತು ಹೆಸರು ಹೇಳಿ" ಅನ್ನುವ ರೂಢಿ ಇತ್ತು. ಅದನ್ನು ಬಿಟ್ಟೆವು. ಬಂದವರಲ್ಲಿ ಒಬ್ಬರು ಮನೆಯವರನ್ನು ಕಳೆದುಕೊಂಡು ಬಂದಿರಬಹುದು. ಇನ್ನೊಬ್ಬರು ಬೇರೆ ಸಭೆಯಲ್ಲಿ ಮನಸ್ಸು ನೊಂದು ಬಂದಿರಬಹುದು. ಮತ್ತೊಬ್ಬರು ಸುಮ್ನೆ ಇಲ್ಲೇನು ನಡೆಯುತ್ತೆ ನೋಡೋಣ ಅಂತ ಬಂದಿರುತ್ತಾರೆ. ಇವರಲ್ಲಿ ಯಾರಿಗೂ ಆ ಹೊತ್ತಿಗೆ ಚಪ್ಪಾಳೆ ಬೇಕಿರುವುದಿಲ್ಲ. ಕೂರೋಕೆ ಒಂದು ಜಾಗ, ಮುಂದೇನು ಅನ್ನುವ ಸುಳಿವು, ಇಷ್ಟು ಸಿಕ್ಕರೆ ಉಸಿರು ಹಗುರವಾಗುತ್ತದೆ.

ಜಾಗದ ವಿಷಯಕ್ಕೆ ದೊಡ್ಡ ಗಲಾಟೆಯೇ ಆಯಿತು. ಕೊನೆಯ ಎರಡು ಸಾಲು ಹೊಸಬರಿಗೆ ಬಿಡೋಣ, ನಾವು ಮುಂದೆ ಕೂರೋಣ ಅಂದೆ. ವರ್ಷಗಟ್ಟಲೆ ಅಲ್ಲೇ ಕೂತವರು ಏಳಬೇಕಲ್ಲ! ಸಿದ್ಧಾಂತದ ವಾದ ಬೇಕಾದರೆ ಗೆಲ್ಲಬಹುದು, ಬೆಂಚಿನ ವಾದ ಗೆಲ್ಲೋದು ಕಷ್ಟ. ಕೊನೆಗೆ ಹಿರಿಯರ ಕೂಟದಲ್ಲಿ ಬೈಬಲಿನ ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ಓದಿದೆ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯವನಿಗೆ "ಅಲ್ಲಿ ನಿಲ್ಲು" ಅನ್ನುವವರನ್ನು ಅಲ್ಲಿ ಚೆನ್ನಾಗಿ ಬೈದಿದೆ. ಹೊಸಬರನ್ನು ಎಲ್ಲಿ ಕೂರಿಸುತ್ತೀರಿ ಅನ್ನೋದು ಆಗಲೇ ನಂಬಿಕೆಯ ಪ್ರಶ್ನೆಯಾಗಿತ್ತು. ಆಮೇಲೆ ಸಾಲು ಖಾಲಿಯಾಯಿತು, ಗೊಣಗಾಟ ಸ್ವಲ್ಪ ದಿನ ಇತ್ತು.

ಸುಳಿವಿಗೆ ಒಂದು ಹಾಳೆ ಮಾಡಿದೆವು. ಪ್ರಾರಂಭದ ಪ್ರಾರ್ಥನೆ, ಕೀರ್ತನೆ, ಪಾಪದ ಅರಿಕೆ, ಬೈಬಲ್ ಓದು, ಪ್ರಸಂಗ, ಕಾಣಿಕೆ, ಆಶೀರ್ವಾದ, ಎಲ್ಲ ಬರುವ ಕ್ರಮದಲ್ಲೇ. ಎಲ್ಲಿ ನಿಲ್ಲುತ್ತೇವೆ, ಎಲ್ಲಿ ಕೂರುತ್ತೇವೆ ಅಂತಲೂ ಇದೆ. ಪ್ರಸಂಗವೇ ಎಲ್ಲಕ್ಕಿಂತ ಉದ್ದ ಅಂತ ಮೊದಲೇ ಹೇಳಿಬಿಟ್ಟಿದ್ದೇವೆ. ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಪೂರ್ತಿ ಅಚ್ಚು ಹಾಕಿಸಿದ್ದೇವೆ. ನಮಗೆಲ್ಲ ಬಾಯಿಪಾಠ, ಆದರೆ ಸುತ್ತ ಎಲ್ಲರೂ ಒಟ್ಟಿಗೆ ಹೇಳುವಾಗ ಒಬ್ಬರೇ ಬಾಯಿ ಮುಚ್ಚಿ ನಿಲ್ಲುವ ಕಸಿವಿಸಿ ಗೊತ್ತಲ್ವಾ? ಕಾಣಿಕೆಯ ಸಾಲಿನಲ್ಲಿ ಹೀಗಿದೆ: "ಇದು ಸಭೆಯವರ ಜವಾಬ್ದಾರಿ. ಚೀಲ ಬಂದರೆ ಪಕ್ಕದವರಿಗೆ ದಾಟಿಸಿ, ಸಾಕು."

ಇದೆಲ್ಲ ಬರೀ ಮರ್ಯಾದೆಯ ಮಾತಲ್ಲ. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೇವರ ಕೃಪೆಯಿಂದ ಪುಕ್ಕಟೆ ಸಿಗುವುದು, ನಮ್ಮ ಕೆಲಸಕ್ಕೆ ಸಿಗುವ ಕೂಲಿಯಲ್ಲ ಅಂತ ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಯೇಸುವಿನ ಅಪೊಸ್ತಲ ಪೌಲ ಹೇಳುತ್ತಾನೆ. ಪ್ರಾಟೆಸ್ಟಂಟ್ ನಂಬಿಕೆಯ ಬುಡವೇ ಅದು. 1517ರಲ್ಲಿ ಪ್ರಾಟೆಸ್ಟಂಟ್ ಚಳವಳಿಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಎತ್ತಿದ ತಗಾದೆ ಕೂಡ ಹಣ ಕೊಟ್ಟು ಪಾಪದ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಚೀಟಿಗಳ ಬಗ್ಗೆ. ಪ್ರಸಂಗದಲ್ಲಿ ಕೃಪೆ ಅಂತ ಹೇಳಿ, ಬಾಗಿಲಲ್ಲಿ ಬಂದವರಿಂದ ಏನೋ ವಸೂಲಿ ಮಾಡುವ ಹಾಗೆ ನಡೆದುಕೊಂಡರೆ ಆ ಪ್ರಸಂಗವನ್ನು ಯಾರು ನಂಬುತ್ತಾರೆ?

ಎಲ್ಲಕ್ಕಿಂತ ನಾಜೂಕಿನದು ಕರ್ತನ ಭೋಜನದ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಬರುತ್ತಿರುತ್ತದೆ. ಹೊಸಬರ ಕಣ್ಣು ಅತ್ತಿತ್ತ ಓಡುತ್ತದೆ. ತೆಗೆದುಕೊಳ್ಳಬೇಕಾ? ಬಿಟ್ಟರೆ ಇವರಿಗೆ ಬೇಜಾರಾಗುತ್ತಾ? ನಮ್ಮಲ್ಲಿ, ಯಾವ ಸಭೆಯಲ್ಲೇ ಆಗಲಿ ದೀಕ್ಷಾಸ್ನಾನ ಪಡೆದು ಕ್ರಿಸ್ತನನ್ನು ನಂಬಿದವರು ತೆಗೆದುಕೊಳ್ಳಬಹುದು. ಪ್ರತಿಯೊಬ್ಬರೂ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲಿ ಅಂತ ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಹಾಗಾಗಿ ಪಕ್ಕದವರನ್ನು ಪರೀಕ್ಷಿಸುವ ಕೆಲಸ ನಮಗಿಲ್ಲ. ಪಾಸ್ಟರ್ ತಟ್ಟೆ ಎತ್ತುವುದಕ್ಕೆ ಮೊದಲೇ ಇದನ್ನು ಹೇಳುತ್ತಾರೆ. "ತೆಗೆದುಕೊಳ್ಳದೆ ಕೂತಿದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ" ಅಂತಲೂ ಸೇರಿಸುತ್ತಾರೆ. ಹಂಚುವವರಿಗೆ ನಾನು ಹೇಳಿಕೊಟ್ಟಿದ್ದು ಎರಡೇ ಮಾತು. ತಟ್ಟೆ ಬೆಂಚಿನ ತುದಿಯವರ ಕೈಗೆ ಕೊಡಿ, ಯಾರ ಮುಂದೆಯೂ ಹಿಡಿದು ನಿಲ್ಲಬೇಡಿ. ಮುಖ ನೋಡಬೇಡಿ. ಎರಡು ಕ್ಷಣ ಜಾಸ್ತಿ ನಿಂತರೂ ಅದು ಒತ್ತಾಯವೇ.

ಒಮ್ಮೆ ಒಬ್ಬರು ಹೊರಗೆ ಬಂದ ಮೇಲೆ ಕೇಳಿದರು, "ಅದು ನಿಜವಾಗಿ ಕ್ರಿಸ್ತನ ದೇಹವೇ ಅಂತ ನೀವು ನಂಬುತ್ತೀರಾ ಸರ್?" 1529ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಮುಖಂಡ ಜ್ವಿಂಗ್ಲಿ ಎದುರುಬದುರು ಕೂತು 15 ಅಂಶಗಳಲ್ಲಿ 14ಕ್ಕೆ ಒಪ್ಪಿದರು. ಕೊನೆಯದರಲ್ಲಿ, ಈ ರೊಟ್ಟಿ ದ್ರಾಕ್ಷಾರಸದಲ್ಲಿ ಕ್ರಿಸ್ತ ಹೇಗಿದ್ದಾನೆ ಅನ್ನುವಲ್ಲಿ, ಬೇರೆಯಾದರು. ಅದನ್ನೇ ಹೇಳಿದೆ. ಆಮೇಲೆ ನಮ್ಮ ಸಭೆಯ ನಿಲುವು: ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ, ಆದರೆ ನಂಬಿಕೆಯಿಂದ ತಿನ್ನುವವರನ್ನು ಕ್ರಿಸ್ತ ತನ್ನ ಆತ್ಮನ ಮೂಲಕ ಪೋಷಿಸುತ್ತಾನೆ. ಅವರು ಒಪ್ಪಲಿಲ್ಲ. ಆದರೂ ಅರ್ಧ ಗಂಟೆ ಮಾತಾಡಿದೆವು, ಖುಷಿಯಾಗಿಯೇ.

ಜನ ಕೇಳುವ ಪ್ರಶ್ನೆಗಳು ಹೆಚ್ಚಾಗಿ ಕಣ್ಣಿಗೆ ಕಂಡದ್ದರಿಂದ ಹುಟ್ಟುತ್ತವೆ. ಗೋಡೆ ಯಾಕೆ ಬೋಳು? ಪಾಸ್ಟರ್‌ಗೆ ಹೆಂಡತಿ ಮಕ್ಕಳು ಇದ್ದಾರಾ? (ಲೂಥರ್ ಸನ್ಯಾಸಿಯಾಗಿದ್ದವನು, 1525ರಲ್ಲಿ ಸನ್ಯಾಸ ಬಿಟ್ಟ ಕಾತರೀನಾಳನ್ನು ಮದುವೆಯಾದ.) ಪಾಪವನ್ನು ಪಾದ್ರಿಗೆ ಹೇಳಿಕೊಳ್ಳಬೇಕಾ? ಬೇಡ, ದೇವರ ಮುಂದೆ ಎಲ್ಲ ವಿಶ್ವಾಸಿಗಳೂ ಯಾಜಕರೇ (ಪುರೋಹಿತರೇ), ನೇರವಾಗಿ ಹೋಗಬಹುದು ಅನ್ನುತ್ತೇನೆ. ನಿಮ್ಮ ಬೈಬಲ್ ಬೇರೆನಾ? ಹಳೆಯ ಒಡಂಬಡಿಕೆಯಲ್ಲಿ ವ್ಯತ್ಯಾಸ ಇದೆ, ನಮ್ಮಲ್ಲಿ ಒಟ್ಟು 66 ಪುಸ್ತಕ, ಕ್ಯಾಥೊಲಿಕರಲ್ಲಿ 73. ಗೊತ್ತಿಲ್ಲದ್ದಕ್ಕೆ ಪಾಸ್ಟರ್ ಕಡೆ ಕೈ ತೋರಿಸುತ್ತೇನೆ.

ಆಶೀರ್ವಾದ ಮುಗಿದ ಮೇಲಿನ ಹತ್ತು ನಿಮಿಷವೇ ನನಗೆ ನಿಜವಾದ ಪರೀಕ್ಷೆ. ನಮ್ಮವರು ನಮ್ಮವರನ್ನೇ ಹುಡುಕಿಕೊಂಡು ಗುಂಪಾಗುತ್ತಾರೆ, ಹೊಸಬರು ಹಾಳೆ ಮಡಚುತ್ತಾ ನಿಂತಿರುತ್ತಾರೆ. ಮೊದಲ ಐದು ನಿಮಿಷ ಗೆಳೆಯರ ಜೊತೆ ಮಾತು ಬೇಡ ಅಂತ ಗೊತ್ತು ಮಾಡಿಕೊಂಡೆವು. ಮಾತಾಡಿಸಲು ಒಬ್ಬರೇ ಹೋಗಬೇಕು, ನಾಲ್ಕು ಜನ ಮುತ್ತಿಕೊಂಡರೆ ಪೊಲೀಸ್ ವಿಚಾರಣೆ ಆಗುತ್ತದೆ. ಜಾತಿ, ಕೆಲಸ, ಮದುವೆ ಆಗಿದೆಯಾ, ಇವು ಯಾವುದೂ ಬೇಡ. "ಇವತ್ತು ಏನಾದರೂ ಅರ್ಥವಾಗದೆ ಉಳಿಯಿತಾ?" ಅಂದರೆ ಸಾಕು, ಮಾತು ತಾನೇ ಶುರುವಾಗುತ್ತದೆ.

ಫೋನ್ ನಂಬರ್ ನಾವಾಗಿ ಕೇಳುವುದಿಲ್ಲ. ಕೊಟ್ಟರೆ ಒಂದು ಸಲ ಮೆಸೇಜ್, ಉತ್ತರ ಬರದಿದ್ದರೆ ಅಲ್ಲಿಗೆ ಬಿಡುತ್ತೇವೆ. ನಮ್ಮ ಹಿರಿಯರಲ್ಲೊಬ್ಬರಿಗೆ ಇದು ಸರಿ ಕಾಣುವುದಿಲ್ಲ. ಬಂದವರನ್ನು ಹಿಡಿದುಕೊಳ್ಳದಿದ್ದರೆ ಸಭೆ ಬೆಳೆಯೋದು ಹೇಗೆ ಅಂತ ಪ್ರತಿ ಕೂಟದಲ್ಲೂ ಕೇಳುತ್ತಾರೆ. ಬಂದವರಲ್ಲಿ ಹೆಚ್ಚಿನವರು ಮತ್ತೆ ಬರುವುದಿಲ್ಲ ಅನ್ನೋದೂ ನಿಜ. ಹಾಳೆಗಳನ್ನು ಮಾತ್ರ ಪ್ರತಿ ವಾರ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತೆಗೆಸುತ್ತೇನೆ.