ಹೊಸ ಸಂಸದರು ಲೋಕಸಭೆಯಲ್ಲಿ ಏನು ಮಾತಾಡಿದ್ದಾರೆ? ಕೊಡಗಿನವರು ದಾಖಲೆ ನೋಡುವ ಬಗೆ

ಕೊಡಗು ಎಂಬ ಹೆಸರಿನ ಲೋಕಸಭಾ ಕ್ಷೇತ್ರವೇ ಇಲ್ಲ. ಮಡಿಕೇರಿ, ವಿರಾಜಪೇಟೆ ಎರಡೂ ವಿಧಾನಸಭಾ ಕ್ಷೇತ್ರಗಳು ಮೈಸೂರು ಕ್ಷೇತ್ರಕ್ಕೆ ಸೇರಿವೆ. ಉಳಿದ ಆರು ಮೈಸೂರು ಜಿಲ್ಲೆಯವು. ಹಾಗಾಗಿ ಸಂಸತ್ತಿನ ಜಾಲತಾಣದಲ್ಲಿ 18ನೇ ಲೋಕಸಭೆ, ಕರ್ನಾಟಕ ಎಂದು ಆರಿಸಿ ಮೈಸೂರು ಹುಡುಕಿ. 2024ರಲ್ಲಿ ಮೊದಲ ಸಲ ಗೆದ್ದ ಯದುವೀರ್ ಒಡೆಯರ್ ಅವರ ಪುಟ ಸಿಗುತ್ತದೆ. ಅಲ್ಲಿ ಪ್ರಶ್ನೆಗಳು ಬೇರೆ, ಚರ್ಚೆಗಳು ಬೇರೆ; ಎರಡನ್ನೂ ತೆರೆಯಬೇಕು.

ಹಾಜರಾತಿ, ಪ್ರಶ್ನೆಗಳ ಲೆಕ್ಕ ಸಾಕೆನ್ನುವವರಿಗೆ ಸಂಸತ್ತಿನ ಕೆಲಸದ ಲೆಕ್ಕ ಇಡುವ ಪಿಆರ್‌ಎಸ್ ಎಂಬ ಖಾಸಗಿ ಸಂಸ್ಥೆಯ ಪುಟ ಇದೆ. ಆದರೆ ಆ ಲೆಕ್ಕ ನೋಡಿ ತೀರ್ಪು ಕೊಡಬೇಡಿ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಸಚಿವರು ಬಾಯಿಮಾತಿನಲ್ಲಿ ಉತ್ತರಿಸುವುದು ಇವಕ್ಕೆ, ಉಪಪ್ರಶ್ನೆಗೂ ಅವಕಾಶ ಇದರಲ್ಲಿದೆ. ಪ್ರಶ್ನೋತ್ತರಕ್ಕೆ ಇರುವ ಒಂದು ಗಂಟೆಯಲ್ಲಿ ಅಷ್ಟೂ ಮುಗಿಯುವುದಿಲ್ಲ. ಚುಕ್ಕೆರಹಿತ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಅಷ್ಟೇ, ಅಲ್ಲಿ ಯಾರೂ ಎದ್ದು ಮಾತಾಡಿರುವುದಿಲ್ಲ. ಒಂದೇ ಪ್ರಶ್ನೆಯ ಮೇಲೆ ಹಲವು ಸದಸ್ಯರ ಹೆಸರು ಇರುವುದೂ ಉಂಟು.

ನಿಮಗೆ ಬೇಕಾದ ವಿಷಯ ಯಾವ ಸಚಿವಾಲಯದ್ದು ಎಂದು ಮೊದಲು ಗೊತ್ತಿರಲಿ. ಕಾಫಿ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ. ಕೃಷಿ ಸಚಿವಾಲಯದಲ್ಲಿ ಹುಡುಕಿದರೆ ಸಿಗದು. ಕರಿಮೆಣಸಿನ ಸಂಬಾರ ಮಂಡಳಿಯೂ ವಾಣಿಜ್ಯ ಸಚಿವಾಲಯದ್ದೇ. ಆನೆ ಹಾವಳಿಗೆ ಪರಿಸರ ಸಚಿವಾಲಯ, ಕೊಡವ ಭಾಷೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸುವ ಬೇಡಿಕೆಗೆ ಗೃಹ ಸಚಿವಾಲಯ. ಹುಡುಕುವಾಗ ಕೊಡಗು, ಕೂರ್ಗ್ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೋಡಿ.

ಉತ್ತರ ಓದುವುದೇ ಮುಖ್ಯ ಕೆಲಸ. ಕಾಡಾನೆ ತೋಟಕ್ಕೆ ನುಗ್ಗುವ ಬಗ್ಗೆ ಕೇಳಿದರೆ ಸಚಿವರು ಸಾಮಾನ್ಯವಾಗಿ ಹೇಳುವುದು, ವನ್ಯಜೀವಿ ನಿರ್ವಹಣೆ ಮುಖ್ಯವಾಗಿ ರಾಜ್ಯದ ಹೊಣೆ ಎಂದು. ಅಲ್ಲಿಗೇ ನಿಲ್ಲಬೇಡಿ, ಉತ್ತರಕ್ಕೆ ಅನುಬಂಧ ಇದ್ದರೆ ರಾಜ್ಯವಾರು ಅಂಕಿಅಂಶ ಅದರಲ್ಲಿರುತ್ತದೆ. ಪ್ರಶ್ನೆಯನ್ನೂ ತೂಗಿ ನೋಡಿ. "ಸರ್ಕಾರಕ್ಕೆ ತಿಳಿದಿದೆಯೇ" ಎಂಬಲ್ಲಿಗೆ ಮುಗಿದಿದ್ದರೆ ಜಾರಿಕೊಳ್ಳುವುದು ಸುಲಭ. ಎಷ್ಟು ಹಣ, ಯಾವ ವರ್ಷ, ಯಾವ ಜಿಲ್ಲೆ ಎಂದು ಕೇಳಿದ್ದರೆ ಅದು ಸಿದ್ಧತೆ ಮಾಡಿ ಕೇಳಿದ ಪ್ರಶ್ನೆ.

ಸದಸ್ಯರು ತುರ್ತು ವಿಷಯ ಎತ್ತುವ ಶೂನ್ಯವೇಳೆಯ ಮಾತಿಗೆ ಸಚಿವರು ಅಲ್ಲೇ ಉತ್ತರಿಸಬೇಕೆಂದಿಲ್ಲ. ಸದಸ್ಯರು ಮೊದಲೇ ಬರೆದುಕೊಟ್ಟ ವಿಷಯವನ್ನು ನಿಯಮ 377ರಡಿ ಓದಿದ್ದಕ್ಕೆ ಉತ್ತರ ನಂತರ ಸದಸ್ಯರಿಗೆ ಪತ್ರದಲ್ಲಿ ಬರುತ್ತದೆ. ಅದರ ಪ್ರತಿಯನ್ನು ಸಂಸದರ ಕಚೇರಿಯಲ್ಲೇ ಕೇಳಬೇಕು. ಮಸೂದೆ, ಬಜೆಟ್ ಚರ್ಚೆಯ ಭಾಷಣ ಓದುವಾಗ ಅಡಿಟಿಪ್ಪಣಿ ಗಮನಿಸಿ: ಕೆಲವು ಭಾಷಣಗಳನ್ನು ಸದನದಲ್ಲಿ ಆಡದೆ ಮೇಜಿನ ಮೇಲಿಟ್ಟಿರುತ್ತಾರೆ. ಕನ್ನಡದಲ್ಲಿ ಆಡಿದ ಮಾತು ಅಚ್ಚಾಗುವಾಗ ಇಂಗ್ಲಿಷ್ ಅನುವಾದವಾಗಿರುವುದುಂಟು. ಮೂಲ ಮಾತು ಬೇಕಾದರೆ ಸಂಸದ್ ಟಿವಿ ವಿಡಿಯೊ ನೋಡಿ.

"ಪರಿಶೀಲಿಸಲಾಗುತ್ತಿದೆ" ಎಂಬ ಉತ್ತರ ಕಂಡರೆ ಪ್ರಶ್ನೆಯ ಸಂಖ್ಯೆ, ದಿನಾಂಕ ಬರೆದಿಟ್ಟುಕೊಳ್ಳಿ. ಅದನ್ನು ಭರವಸೆ ಎಂದು ದಾಖಲಿಸಿದರೆ ಮೂರು ತಿಂಗಳಲ್ಲಿ ಈಡೇರಿಸಬೇಕು. ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಗಡುವು ದಾಟಿದರೆ ಆ ಎರಡು ವಿವರ ಹಾಕಿ ಸಂಸದರಿಗೆ ಪತ್ರ ಬರೆಯಿರಿ. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ಸೂಚನೆ ಕೊಡಬೇಕಾದ್ದರಿಂದ, ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಪತ್ರ ತಲುಪಲಿ.