ಪೀರಿಯಡ್ ಇಂಟಿಗ್ರಲ್: ಒಂದೇ ಕರ್ವ್ ಹಿಡಿದು ಕೂತ ನನ್ನ ಅನುಭವ

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವ ಗಣಿತದ ಮೇಷ್ಟ್ರು ನಾನು. ಪೀರಿಯಡ್‌ಗಳ (ಬೀಜಗಣಿತದ ಸಮೀಕರಣಗಳಿಂದ ಹುಟ್ಟುವ ಇಂಟಿಗ್ರಲ್‌ಗಳ ಬೆಲೆಗಳ) ಬಗ್ಗೆ ಓದೋಣ ಅಂತ ಪುಸ್ತಕ ತೆರೆದರೆ ಮೊದಲ ಪುಟದಿಂದಲೇ ಕೊಹೊಮಾಲಜಿ ಅನ್ನುವ ಭಾರವಾದ ಅಮೂರ್ತ ಸಿದ್ಧಾಂತ. ಅದನ್ನು ಪಕ್ಕಕ್ಕಿಟ್ಟೆ. ವೈ² = ಎಕ್ಸ್³ − ಎಕ್ಸ್ ಅನ್ನುವ ಒಂದೇ ಕರ್ವ್ ಹಿಡಿದುಕೊಂಡೆ.

ಮೊದಲ ಕೆಲಸ, ಡಿಎಕ್ಸ್/ವೈ ಇಂಟಿಗ್ರಲ್ಲನ್ನು 1ರಿಂದ ಅನಂತದವರೆಗೆ ಲೆಕ್ಕ ಹಾಕುವುದು. ನೇರವಾಗಿ ಹೋದರೆ ತಲೆನೋವು. ಗಣಿತಜ್ಞ ಗೌಸ್ ದಾರಿ ಸುಲಭ: 1 ಮತ್ತು √2 ತಗೊಳ್ಳಿ, ಅವುಗಳ ಸರಾಸರಿ ಒಂದು ಕಡೆ, ಗುಣಲಬ್ಧದ ವರ್ಗಮೂಲ ಇನ್ನೊಂದು ಕಡೆ ಬರೆಯಿರಿ, ಬಂದ ಎರಡಕ್ಕೂ ಮತ್ತೆ ಅದನ್ನೇ ಮಾಡಿ. 1.20710678, 1.18920712. ಆಮೇಲೆ 1.19815695, 1.19812352. ಮೂರನೇ ಸಲಕ್ಕೆ ಎರಡೂ 1.19814023! ಪಾಂಡವಪುರ ಬರುವಷ್ಟರಲ್ಲಿ ಮುಗಿಯಿತು. ಪೈಯನ್ನು ಇದರಿಂದ ಭಾಗಿಸಿದರೆ 2.622057, ಅದೇ ನಮ್ಮ ಪೀರಿಯಡ್. 1799ರಲ್ಲಿ ಗೌಸ್ ಈ ಹೊಂದಾಣಿಕೆಯನ್ನು ಹನ್ನೊಂದು ದಶಮಾಂಶದವರೆಗೆ ನೋಡಿ ಡೈರಿಯಲ್ಲಿ ಬರೆದುಕೊಂಡಿದ್ದ.

ಇನ್ನೊಂದು ಪೀರಿಯಡ್‌ಗೆ ಲೆಕ್ಕವೇ ಬೇಡ. ಎಕ್ಸ್ ಜಾಗದಲ್ಲಿ −ಎಕ್ಸ್, ವೈ ಜಾಗದಲ್ಲಿ ಐ ಗುಣಿಸು ವೈ ಹಾಕಿ (ಐ ಅಂದರೆ −1ರ ವರ್ಗಮೂಲ). ಸಮೀಕರಣ ಹಾಗೇ ಉಳಿಯುತ್ತದೆ, ಡಿಎಕ್ಸ್/ವೈ ಮಾತ್ರ ಐ ಪಟ್ಟು ಆಗುತ್ತದೆ. ಸಿಮೆಟ್ರಿ ಇರುವುದರಿಂದ ಒಂದು ಗೊತ್ತಾದರೆ ಎರಡೂ ಗೊತ್ತಾದ ಹಾಗೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮುಂದಿನ ಭಾಗ. ಇದೇ ಸಮೀಕರಣವನ್ನು 7ರ ಶೇಷಗಳಲ್ಲಿ ಬಿಡಿಸಿ, ಅಂದರೆ 0ರಿಂದ 6ರವರೆಗಿನ ಸಂಖ್ಯೆಗಳನ್ನಷ್ಟೇ ಹಾಕಿ, ಬಂದದ್ದನ್ನು 7ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ; ಹೊಂದುವ ಪ್ರತಿ (ಎಕ್ಸ್, ವೈ) ಒಂದು ಬಿಂದು. ಅಲ್ಲಿ −1ಕ್ಕೆ ವರ್ಗಮೂಲವಿಲ್ಲ. ಎಕ್ಸ್ = 2 ಹಾಕಿದರೆ 6 ಬರುತ್ತದೆ, ಅದು ವರ್ಗವಲ್ಲ; −2, ಅಂದರೆ 5 ಹಾಕಿದರೆ 1, ಅದು ವರ್ಗ. ಹೀಗೆ ಎಕ್ಸ್, −ಎಕ್ಸ್ ಜೋಡಿಯಲ್ಲಿ ಒಂದಕ್ಕೆ ಎರಡು ಬಿಂದು, ಇನ್ನೊಂದಕ್ಕೆ ಸೊನ್ನೆ; 0, 1, −1ಕ್ಕೆ ಮಾತ್ರ ವೈ = 0 ಆಗಿ ಒಂದೊಂದು. ಕರ್ವ್‌ಗೆ ಯಾವಾಗಲೂ ಸೇರಿಸಿಕೊಳ್ಳುವ ಅನಂತದ ಬಿಂದುವೂ ಸೇರಿ ಸರಿಯಾಗಿ 7 + 1 = 8. ನಾಲ್ಕರಿಂದ ಭಾಗಿಸಿದಾಗ 3 ಉಳಿಯುವ ಎಲ್ಲ ಪ್ರೈಮ್‌ಗಳಿಗೂ ಇದೇ ಕತೆ, ಪ್ರೈಮ್‌ಗಿಂತ ಒಂದು ಜಾಸ್ತಿ.

13ರಲ್ಲಿ ಹಾಗಲ್ಲ. ಅಲ್ಲಿ −1ಕ್ಕೆ ವರ್ಗಮೂಲ ಇದೆ (5), ಹಾಗಾಗಿ ಜೋಡಿಯ ಎರಡಕ್ಕೂ ಒಂದೇ ಗತಿ. ಎಣಿಸಿದರೆ 8 ಬಿಂದು, 14ಕ್ಕೆ 6 ಕಮ್ಮಿ. 13 = 3² + 2² ಅಲ್ವಾ, ಆ 6 ಅಂದರೆ 3ರ ಎರಡರಷ್ಟು! 5ರಲ್ಲಿ ಎಣಿಸಿ ನೋಡಿ, 6ಕ್ಕೆ 2 ವ್ಯತ್ಯಾಸ, 5 = 1² + 2². ಇಂಟಿಗ್ರಲ್‌ನಲ್ಲಿ ಐ ಪಟ್ಟು ಮಾಡಿದ ಸಿಮೆಟ್ರಿಯೇ ಇಲ್ಲಿ ಬಿಂದುಗಳ ಎಣಿಕೆಯನ್ನೂ ಆಳುತ್ತಿದೆ.

ಎಂಎಸ್ಸಿ ಹುಡುಗರಿಗೆ ಈಗ ಇದನ್ನೇ ಮೊದಲು ಕೊಡುತ್ತೇನೆ. ಕೈಯಲ್ಲಿ ಮಾಡಿದ ಮೇಲೆ ಪಾರಿ/ಜಿಪಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ 17, 29, 37 ಹಾಕಿ ತಾಳೆ ನೋಡಿ ಅನ್ನುತ್ತೇನೆ. ಕೊಹೊಮಾಲಜಿ ಆಮೇಲೆ.