ಗ್ಲಾಕ್ 43ಎಕ್ಸ್ ತಗೊಳ್ಳಲಾ, ಸಿಗ್ ಪಿ365 ತಗೊಳ್ಳಲಾ?

ಟೆಕ್ಸಸ್‌ನಲ್ಲಿ ಗ್ರೀನ್ ಕಾರ್ಡ್ ಅಥವಾ ಪೌರತ್ವ ಸಿಕ್ಕಿದ ಮೇಲೆ ದಿನಾ ಜೊತೆಯಲ್ಲಿಟ್ಟುಕೊಳ್ಳಲು ಪಿಸ್ತೂಲು ಹುಡುಕುವ ಕನ್ನಡದವರಿದ್ದಾರೆ. ಅದರಲ್ಲೂ ತಡರಾತ್ರಿವರೆಗೆ ಗ್ಯಾಸ್ ಸ್ಟೇಷನ್ನೋ ಮೋಟೆಲ್ಲೋ ನೋಡಿಕೊಳ್ಳುವವರು. ಹುಡುಕಾಟ ಮುಗಿಯುವ ಹೊತ್ತಿಗೆ ಹಲವರ ಮುಂದೆ ಉಳಿಯುವುದು ಎರಡೇ ಹೆಸರು: ಗ್ಲಾಕ್ 43ಎಕ್ಸ್ ಮತ್ತು ಸಿಗ್ ಸಾವರ್ ಪಿ365. ಎರಡೂ 9 ಎಂಎಂ. ಎರಡರ ಮ್ಯಾಗಜೀನ್‌ನಲ್ಲೂ (ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆ) 10 ಗುಂಡು. ಬೆಲೆಯೂ ಹೆಚ್ಚುಕಡಿಮೆ 500 ಡಾಲರ್ ಆಸುಪಾಸು. ಹಾಗಾಗಿ ಎಷ್ಟೋ ಜನ ಅಂಗಡಿಯವನು ಹೇಳಿದ್ದನ್ನೋ ಗೆಳೆಯನ ಹತ್ತಿರ ಇರುವುದನ್ನೋ ತಗೊಂಡು ಬಿಡುತ್ತಾರೆ, ಸ್ವಲ್ಪ ದಿನದಲ್ಲಿ ಅದು ಸೊಂಟಕ್ಕೆ ಚುಚ್ಚುತ್ತದೆ ಅಂತ ಕಪಾಟು ಸೇರುತ್ತದೆ.

ನಾನು ಹೇಳುವುದು ಇಷ್ಟೇ. ಎರಡನ್ನೂ ಒಂದೇ ದಿನ ಹೊಡೆದು ನೋಡದೆ, ಎರಡನ್ನೂ ಸೊಂಟದಲ್ಲಿಟ್ಟು ಕೂತು ಎದ್ದು ನೋಡದೆ ದುಡ್ಡು ಕೊಡಬೇಡಿ. ಅದನ್ನು ಹೇಗೆ ಮಾಡುವುದು ಅಂತ ಮುಂದೆ ಬರೆದಿದ್ದೇನೆ.

ಮೊದಲು ಕಾನೂನು

ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿ ಇದ್ದೀರಾ? ಹಾಗಿದ್ದರೆ ಇಲ್ಲೇ ನಿಲ್ಲಿ. ವಲಸೆಯೇತರ ವೀಸಾದಲ್ಲಿರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರೇಂಜ್‌ನಲ್ಲಿ, ಅಂದರೆ ಗುರಿ ಅಭ್ಯಾಸ ಮಾಡುವ ಜಾಗದಲ್ಲಿ, ಬಾಡಿಗೆ ಪಿಸ್ತೂಲು ಹಿಡಿಯುವುದೂ ಇದರ ವ್ಯಾಪ್ತಿಗೇ ಬರುತ್ತದೆ. ಬೇಟೆ ಲೈಸೆನ್ಸ್ ಇರುವವರಿಗೆ ಅಂತ ಕೆಲವು ವಿನಾಯಿತಿಗಳಿವೆ, ಆದರೆ ಅದನ್ನು ನೆಚ್ಚಿಕೊಂಡು ಮುಂದೆ ಹೋಗುವ ಮೊದಲು ವಕೀಲರನ್ನು ಕೇಳಿ. ಇಲ್ಲಿ ಎಡವಿದರೆ ಜೈಲು ಮಾತ್ರ ಅಲ್ಲ, ಈ ದೇಶದಲ್ಲಿ ಇರುವ ಅವಕಾಶವೇ ಹೋಗಬಹುದು.

ಇನ್ನೊಂದು ಮಾತು. 'ನಿನ್ನ ಹೆಸರಲ್ಲಿ ತಗೊಂಡು ನನಗೆ ಕೊಡು, ದುಡ್ಡು ನಾನು ಕೊಡ್ತೀನಿ' ಅಂತ ಗೆಳೆಯ ಕೇಳಿದರೆ ಮುಲಾಜಿಲ್ಲದೆ ಆಗಲ್ಲ ಅನ್ನಿ. ಅಂಗಡಿಯಲ್ಲಿ ತುಂಬುವ 4473 ಅನ್ನೋ ಫಾರ್ಮ್‌ನಲ್ಲಿ ನಿಜವಾದ ಖರೀದಿದಾರ ನೀವೇನಾ ಅಂತ ಕೇಳಿರುತ್ತಾರೆ. ಅಲ್ಲಿ ಸುಳ್ಳು ಬರೆಯುವುದು ಫೆಡರಲ್ ಅಪರಾಧ. ಅಂಗಡಿಯಿಂದ ಕೈಬಂದೂಕು ಕೊಳ್ಳಲು 21 ವರ್ಷ ಆಗಿರಬೇಕು. ಹಿನ್ನೆಲೆ ಪರೀಕ್ಷೆಯೂ ಆಗುತ್ತದೆ.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ದಾಟಿದ, ಬೇರೆ ಅಡ್ಡಿ ಇಲ್ಲದ ಜನ ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಆದರೂ ಲೈಸೆನ್ಸ್ ಮಾಡಿಸಿಕೊಳ್ಳಿ ಅನ್ನುತ್ತೇನೆ. ತರಗತಿಯಲ್ಲಿ ಕೂತು ಕಾನೂನು ಕಲಿಯುತ್ತೀರಿ, ಬೇರೆ ಕೆಲವು ರಾಜ್ಯಗಳಲ್ಲೂ ಅದು ನಡೆಯುತ್ತದೆ. ಎಲ್ಲ ರಾಜ್ಯಗಳಲ್ಲೂ ನಡೆಯುವುದಿಲ್ಲ. ರಾಜ್ಯದ ಗಡಿ ದಾಟುವ ಮೊದಲು ಪ್ರತಿ ಸಲ ನೋಡಿಕೊಳ್ಳಿ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮನೆಗೆ ಕಾರಿನಲ್ಲಿ ಹೊರಟರೆ ದಾರಿಯಲ್ಲಿ ಕಾನೂನು ಎಷ್ಟು ಸಲ ಬದಲಾಗುತ್ತದೆ ಗೊತ್ತಾ? ಕೋರ್ಟ್, ಫೆಡರಲ್ ಸರ್ಕಾರದ ಕಚೇರಿ, ವಿಮಾನ ನಿಲ್ದಾಣದ ಸೆಕ್ಯುರಿಟಿ ದಾಟಿದ ಜಾಗ, ಇಲ್ಲೆಲ್ಲ ಒಯ್ಯುವ ಹಾಗಿಲ್ಲ. ಟೆಕ್ಸಸ್‌ನ ಬಾರ್‌ಗಳ ಬಾಗಿಲಲ್ಲಿ ಕೆಂಪಕ್ಷರದಲ್ಲಿ 51% ಅನ್ನೋ ಬೋರ್ಡ್ ಕಂಡರೆ ಒಳಗೆ ಪಿಸ್ತೂಲು ನಿಷೇಧ.

ಮನೆಯವರ ಜೊತೆ ಮಾತಾಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ, ಅದು ನೀವೇ ಆಗಿರಬಹುದು, ಖಿನ್ನತೆಯಲ್ಲಿದ್ದರೆ ಈಗ ಪಿಸ್ತೂಲು ಬೇಡ. ಅದೇ ಸರಿಯಾದ ಆಯ್ಕೆ. ಅಮೆರಿಕದಲ್ಲಿ 988ಕ್ಕೆ ಫೋನ್ ಮಾಡಿದರೆ ಯಾವ ಹೊತ್ತಿನಲ್ಲೂ ಮಾತಾಡಲು ಜನ ಸಿಗುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಪಿಸ್ತೂಲಿಗಿಂತ ಮೊದಲು ಬೀಗದ ಪೆಟ್ಟಿಗೆ ಬರಬೇಕು. ಗುಂಡು ತುಂಬಿದ ಬಂದೂಕು ಮಗುವಿನ ಕೈಗೆ ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲೂ ಅಪರಾಧವೇ.

ಕೈಯಲ್ಲಿ ಹಿಡಿದು ನೋಡಿ

ಈಗ ಅಂಗಡಿಗೆ ಹೋಗೋಣ. ಎರಡನ್ನೂ ಕೌಂಟರ್ ಮೇಲೆ ಪಕ್ಕಪಕ್ಕ ಇಡಿಸಿ. ಖಾಲಿ ಇದೆ ಅಂತ ಅಂಗಡಿಯವನು ತೋರಿಸಿದ ಮೇಲೂ ನೀವೇ ಸ್ಲೈಡ್ (ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಹಿಂದಕ್ಕೆಳೆದು ಒಳಗೆ ನೋಡಿ. ಕೊಡಗಿನಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡುವ ಮನೆಯಿಂದ ಬಂದವರಿಗೆ ಈ ಶಿಸ್ತು ಹೊಸದೇನಲ್ಲ. ಆದರೆ ಉದ್ದ ಕೋವಿ ಬಳಸಿ ಗೊತ್ತಿದ್ದ ಮಾತ್ರಕ್ಕೆ ಗಿಡ್ಡ ಪಿಸ್ತೂಲು ಸುಲಭ ಅಂದುಕೊಳ್ಳಬೇಡಿ. ಮೂತಿ ಇಷ್ಟು ಗಿಡ್ಡ ಇದ್ದಾಗ ಮಣಿಕಟ್ಟು ಸ್ವಲ್ಪ ತಿರುಗಿದರೂ ಅದು ಪಕ್ಕದವರ ಕಡೆ ತಿರುಗಿರುತ್ತದೆ.

ಅಳತೆ ನೋಡಿ. ಪಿ365ರ ಉದ್ದ 5.8 ಇಂಚು, ಎತ್ತರ 4.3 ಇಂಚು, ನಳಿಗೆ 3.1 ಇಂಚು. 43ಎಕ್ಸ್‌ನ ಉದ್ದ 6.5, ಎತ್ತರ 5.04, ನಳಿಗೆ 3.41. ಖಾಲಿ ಮ್ಯಾಗಜೀನ್ ಸೇರಿ ತೂಕ ಸಿಗ್‌ದು ಸುಮಾರು 505 ಗ್ರಾಂ, ಗ್ಲಾಕ್‌ದು ಸುಮಾರು 530. ತೂಕದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಗಮನ ಕೊಡಬೇಕಾದ್ದು ಎತ್ತರಕ್ಕೆ. ಆ ಮುಕ್ಕಾಲು ಇಂಚಿನಲ್ಲೇ ಎಲ್ಲ ಇದೆ.

ಹಿಡಿದಾಗ ಕಿರುಬೆರಳು ಎಲ್ಲಿ ಹೋಗುತ್ತದೆ ನೋಡಿ. 43ಎಕ್ಸ್‌ನಲ್ಲಿ ಹೆಚ್ಚಿನವರ ಮೂರೂ ಬೆರಳು ಹಿಡಿ ಮೇಲೆ ಕೂರುತ್ತವೆ. ಪಿ365ಕ್ಕೆ ಮಾಮೂಲಿ 10ರ ಮ್ಯಾಗಜೀನ್ ಹಾಕಿದರೆ ಅಂಗೈ ದೊಡ್ಡದಿರುವವರ ಕಿರುಬೆರಳು ಕೆಳಗೆ ಜಾರಿ ಗಾಳಿಯಲ್ಲಿ ನಿಲ್ಲುತ್ತದೆ. ಕಿರುಬೆರಳಿಗೆ ಹಿಡಿತ ಸಿಗದಿದ್ದರೆ ಹೊಡೆದಾಗ ಮೂತಿ ಜಾಸ್ತಿ ಮೇಲೆ ಹಾರುತ್ತದೆ, ಎರಡನೇ ಗುಂಡು ಗುರಿಗೆ ಬರಲು ತಡವಾಗುತ್ತದೆ. ಸಿಗ್‌ಗೆ 12 ಮತ್ತು 15ರ ಉದ್ದ ಮ್ಯಾಗಜೀನ್‌ಗಳೂ ಸಿಗುತ್ತವೆ. ಹಾಕಿದರೆ ಬೆರಳಿಗೆ ಜಾಗ ಆಗುತ್ತದೆ, ಆದರೆ ಗಿಡ್ಡ ಅನ್ನೋ ಕಾರಣಕ್ಕೇ ತಗೊಂಡಿದ್ದು ಅಲ್ಲಿಗೆ ಮುಗಿಯಿತು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್‌ಗೆ ನಿರ್ಬಂಧ ಇದೆ ಅನ್ನುವುದೂ ನೆನಪಿರಲಿ.

ಆಮೇಲೆ ಬೆರಳ ತುದಿಯ ಮೆತ್ತನೆ ಭಾಗ ಟ್ರಿಗರ್‌ಗೆ ಸರಿಯಾಗಿ ಕೂರುತ್ತದಾ? ಹಿಡಿತ ಬದಲಿಸದೆ ಹೆಬ್ಬೆರಳು ಮ್ಯಾಗಜೀನ್ ಬಿಡಿಸುವ ಬಟನ್‌ಗೆ ಎಟಕುತ್ತದಾ? ಸ್ಲೈಡ್ ಎಳೆಯಲು ಬರುತ್ತದಾ? ಇದಕ್ಕೆ ಶಕ್ತಿಗಿಂತ ರೀತಿ ಮುಖ್ಯ. ಮೇಲಿನ ಕೈ ಹಿಂದಕ್ಕೆ ಎಳೆಯುವಾಗಲೇ ಕೆಳಗಿನ ಕೈ ಮುಂದಕ್ಕೆ ತಳ್ಳಬೇಕು.

ಸೇಫ್ಟಿ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗ್ಲಾಕ್‌ಗೆ ಪ್ರತ್ಯೇಕ ಸೇಫ್ಟಿ ಲಿವರ್ ಇಲ್ಲ, ಟ್ರಿಗರ್ ಒತ್ತಿದರೆ ಗುಂಡು ಹೋಗುತ್ತದೆ. ಪಿ365 ಎರಡು ಥರ ಸಿಗುತ್ತದೆ, ಲಿವರ್ ಇರುವುದು, ಇಲ್ಲದ್ದು. ಲಿವರ್ ಇದ್ದರೆ ಮನಸ್ಸಿಗೆ ಸಮಾಧಾನ ಅನ್ನುವವರು ಸಿಗ್ ಕಡೆ ಹೋಗಬಹುದು. ಆದರೆ ತೆಗೆಯುವಾಗ ಹೆಬ್ಬೆರಳು ತಾನಾಗಿ ಅದನ್ನು ಕೆಳಗೆ ಒತ್ತುವಷ್ಟು ಅಭ್ಯಾಸ ಮಾಡಬೇಕಾಗುತ್ತದೆ.

ರೇಂಜ್‌ನಲ್ಲಿ

ಇವೆರಡನ್ನೂ ಬಾಡಿಗೆಗೆ ಕೊಡುವ ರೇಂಜ್‌ಗಳು ಊರೂರಲ್ಲಿವೆ. ಜೀವನದಲ್ಲಿ ಮೊದಲ ಸಲ ಹೊಡೆಯುವವರು ತರಬೇತುದಾರರನ್ನು ಗೊತ್ತುಮಾಡಿಕೊಳ್ಳಿ, ಅಲ್ಲಿ ಉಳಿತಾಯ ಬೇಡ. ಎರಡಕ್ಕೂ ಒಂದೇ ಕಂಪನಿಯ, ಒಂದೇ ತೂಕದ ಗುಂಡು ಹಾಕಿ. 5 ಗಜದಿಂದ ಶುರು ಮಾಡಿ, ಒಂದೊಂದಕ್ಕೆ 50 ಗುಂಡು ಸಾಕು. ಮೊದಲ ಹತ್ತು ನಿಧಾನವಾಗಿ, ಆಮೇಲೆ ಎರಡೆರಡು ಬೇಗಬೇಗ, ಕೊನೆಗೆ ಒಂದೇ ಕೈಯಲ್ಲಿ ಕೆಲವು. ಪ್ರತಿಯೊಂದಕ್ಕೂ ಹೊಸ ಕಾಗದ ಹಾಕಿ, ಯಾವುದು ಯಾವ ಪಿಸ್ತೂಲಿನದು ಅಂತ ಬರೆದಿಟ್ಟುಕೊಳ್ಳಿ.

ಮನೆಗೆ ಬಂದು ಕಾಗದಗಳನ್ನು ಪಕ್ಕಪಕ್ಕ ಹಾಸಿ. ನಿಧಾನವಾಗಿ ಹೊಡೆದಾಗ ಎರಡರಲ್ಲೂ ತೂತುಗಳು ಒಂದೇ ಕಡೆ ಇರಬಹುದು, ಅದರಿಂದ ಏನೂ ಗೊತ್ತಾಗುವುದಿಲ್ಲ. ಎರಡೆರಡು ಬೇಗ ಹೊಡೆದ ಕಾಗದವೇ ನಿಜ ಹೇಳುವುದು. ಯಾವುದರಲ್ಲಿ ಎರಡನೇ ತೂತು ಮೇಲಕ್ಕೋ ಪಕ್ಕಕ್ಕೋ ದೂರ ಓಡಿದೆಯೋ, ಆ ಹಿಡಿ ನಿಮ್ಮ ಕೈಗೆ ಸಾಲುತ್ತಿಲ್ಲ ಅಂತ ಅರ್ಥ.

ಸೊಂಟದಲ್ಲಿ

ನಳಿಗೆ ಪ್ಯಾಂಟಿನ ಒಳಗೆ ಇಳಿಯುತ್ತದೆ, ಯಾರಿಗೂ ಕಾಣುವುದಿಲ್ಲ. ಬಟ್ಟೆಯ ಮೇಲೆ ಉಬ್ಬಿ ಕಾಣುವುದು ಹಿಡಿ. ಅದಕ್ಕೇ ಉದ್ದಕ್ಕಿಂತ ಎತ್ತರ ಮುಖ್ಯ ಅಂದಿದ್ದು. ತೆಳ್ಳಗಿರುವವರ ಟೀ ಶರ್ಟಿನ ಕೆಳಗೆ 43ಎಕ್ಸ್‌ನ ಹಿಡಿಯ ಹಿಂದಿನ ಮೂಲೆ, ಬಗ್ಗಿದಾಗ ಎದ್ದು ಕಾಣುತ್ತದೆ. ಪಿ365 ಅಲ್ಲಿ ಗೆಲ್ಲುತ್ತದೆ.

ಇದನ್ನು ಪರೀಕ್ಷಿಸಲು ನಿಜವಾದ ಪಿಸ್ತೂಲು ಬೇಕಿಲ್ಲ. ಅದೇ ಅಳತೆಯ ನೀಲಿ ಪ್ಲಾಸ್ಟಿಕ್ ಡಮ್ಮಿಗಳು ಬರುತ್ತವೆ, ತರಬೇತುದಾರರ ಹತ್ತಿರ ಸಾಮಾನ್ಯವಾಗಿ ಇರುತ್ತವೆ. ಹೋಲ್‌ಸ್ಟರ್‌ಗೆ (ಪಿಸ್ತೂಲು ಇಡುವ ಒರೆ) ಹಾಕಿ, ಗಟ್ಟಿ ಬೆಲ್ಟ್ ಕಟ್ಟಿ, ನಿಮ್ಮ ದಿನಚರಿ ಮಾಡಿ ನೋಡಿ. ಇಂಡಿಯನ್ ಸ್ಟೋರ್‌ನಲ್ಲಿ 20 ಪೌಂಡಿನ ಅಕ್ಕಿ ಚೀಲ ಬಗ್ಗಿ ಎತ್ತಿ. ಮೇಲಿನ ಶೆಲ್ಫಿಗೆ ಕೈ ಚಾಚಿ, ಅಂಗಿ ಮೇಲೆ ಸರಿದು ಹಿಡಿ ಹೊರಗೆ ಬರುತ್ತದಾ ನೋಡಿ. ಅರ್ಧ ಗಂಟೆ ಕಾರು ಓಡಿಸಿ. ಮುಖ್ಯವಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಿ. ಹೊಟ್ಟೆಯ ಮುಂದೆ ಇಟ್ಟುಕೊಂಡವರಿಗೆ ಎರಡನೇ ಸಲ ಸಾರು ಬಡಿಸುವ ಹೊತ್ತಿಗೆ ಉತ್ತರ ಸಿಕ್ಕಿರುತ್ತದೆ. ದೇವಸ್ಥಾನದ ದಿನ ಮಾತ್ರ ಯಾವುದೂ ಬೇಡ. ಕಾನೂನು ಏನೇ ಹೇಳಲಿ, ಸಾಷ್ಟಾಂಗ ಹಾಕುವ ಜಾಗ, ಮಕ್ಕಳು ಓಡಾಡುವ ಜಾಗ ಅದು. ಮನೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿ ಹೋಗಿ.

ಸೀರೆ, ಚೂಡಿದಾರ್ ಉಡುವವರಿಗೆ ಬೆಲ್ಟೇ ಇರುವುದಿಲ್ಲ ಅಲ್ವಾ? ಹಾಗಂತ ವ್ಯಾನಿಟಿ ಬ್ಯಾಗಿನಲ್ಲಿ ಸುಮ್ನೆ ಹಾಕಿಕೊಳ್ಳಬೇಡಿ. ಬೀಗದ ಕೈ, ಲಿಪ್‌ಸ್ಟಿಕ್ ಏನಾದರೂ ಟ್ರಿಗರ್‌ಗೆ ಸಿಕ್ಕಿಕೊಳ್ಳಬಹುದು, ಬ್ಯಾಗು ಸೋಫಾ ಮೇಲೆ ಬಿಟ್ಟರೆ ಮಗು ತೆಗೆಯಬಹುದು. ಹೊಟ್ಟೆಗೆ ಕಟ್ಟುವ ಅಗಲ ಪಟ್ಟಿಗಳು ಬರುತ್ತವೆ, ಅದರೊಳಗೂ ಟ್ರಿಗರ್ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಇರಲೇಬೇಕು. ಇಲ್ಲಿ ಪಿ365 ಹೆಚ್ಚು ಅನುಕೂಲ.

ಹೋಲ್‌ಸ್ಟರ್‌ಗೆ 60–80 ಡಾಲರ್ ಇಟ್ಟುಕೊಳ್ಳಿ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಪಿಸ್ತೂಲು ತೆಗೆದ ಮೇಲೂ ಬಾಯಿ ಮಡಚಿಕೊಳ್ಳಬಾರದು. ವಾಪಸ್ ಇಡುವಾಗ ಅಂಗಿಯ ಅಂಚು ಟ್ರಿಗರ್‌ಗೆ ಸಿಕ್ಕಿ ತೊಡೆಗೆ ಗುಂಡು ಹೊಡೆದುಕೊಂಡವರಿದ್ದಾರೆ. ತೆಗೆಯುವಾಗ ಅವಸರ ಇರಬಹುದು, ಇಡುವಾಗ ಯಾವತ್ತೂ ಇಲ್ಲ. ಅಂಗಿ ಎತ್ತಿ ಹಿಡಿದು, ಬೆರಳು ಹೊರಗಿಟ್ಟು, ಕಣ್ಣಲ್ಲಿ ನೋಡಿಕೊಂಡು ಇಡಿ.

ಹಾಗಾದರೆ ಯಾವುದು?

ಕಾಗದದ ಮೇಲೆ ಒಂದು ಸ್ಪಷ್ಟವಾಗಿ ಚೆನ್ನಾಗಿದ್ದರೆ ಅದನ್ನೇ ತಗೊಳ್ಳಿ. ಸ್ವಲ್ಪ ಉಬ್ಬಿ ಕಂಡರೆ ಒಂದು ಸೈಜ್ ದೊಡ್ಡ ಅಂಗಿ ಸರಿಮಾಡುತ್ತದೆ, ತಪ್ಪಿದ ಗುರಿಯನ್ನು ಅಂಗಿ ಸರಿಮಾಡುವುದಿಲ್ಲ. ಎರಡೂ ಸಮ ಬಂದರೆ, ಕೂತಾಗ ಚುಚ್ಚದೇ ಇರುವುದನ್ನು ತಗೊಳ್ಳಿ. ಹೊಸಬರಿಗೆ ನನ್ನ ಒಲವು 43ಎಕ್ಸ್ ಕಡೆ. ಪೂರ್ತಿ ಹಿಡಿ ಸಿಗುವುದರಿಂದ ಬೇಗ ಕಲಿಯುತ್ತಾರೆ. ಕೈ ಚಿಕ್ಕದಿರುವವರು, ಇಡೀ ದಿನ ಕುರ್ಚಿಯಲ್ಲಿ ಕೂರುವವರು ಪಿ365 ತಗೊಂಡು ಪಶ್ಚಾತ್ತಾಪ ಪಡುವುದಿಲ್ಲ. ಅದರ ಸೀರಿಯಲ್ ನಂಬರ್ ಇರುವುದು ಒಳಗಿನ ಟ್ರಿಗರ್ ಭಾಗಕ್ಕೆ, ಹಾಗಾಗಿ ಹೊರಗಿನ ಹಿಡಿಯನ್ನು ಮುಂದೆ ಬೇಕಾದರೆ ಬದಲಿಸಬಹುದು. ಸೆಕೆಂಡ್ ಹ್ಯಾಂಡ್ ಪಿ365 ನೋಡುತ್ತಿದ್ದರೆ, ಮಾರುಕಟ್ಟೆಗೆ ಬಂದ ವರ್ಷ 2018ರ ಮೊದಲ ಪಿಸ್ತೂಲುಗಳಲ್ಲಿ ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಬಡಿಯುವ ಮೊಳೆ) ಮುರಿದ ದೂರುಗಳಿದ್ದವು, ಕಂಪನಿ ಆಮೇಲೆ ಸರಿಪಡಿಸಿತು. ತಯಾರಾದ ದಿನ ಕೇಳಿ ತಗೊಳ್ಳಿ.

ಕೊಂಡ ಮೇಲೆ

ಅಭ್ಯಾಸಕ್ಕೆ ಅಗ್ಗದ ಗುಂಡು ಸಾಕು. ಜೊತೆಯಲ್ಲಿ ಒಯ್ಯುವುದು ಮಾತ್ರ ತುದಿಯಲ್ಲಿ ಕುಳಿ ಇರುವ ಹಾಲೋ ಪಾಯಿಂಟ್ ಇರಲಿ, ಅದು ಎದುರಿನವರನ್ನು ದಾಟಿ ಹಿಂದೆ ನಿಂತವರಿಗೆ ತಗಲುವ ಅಪಾಯ ಕಡಿಮೆ. ನ್ಯೂಜೆರ್ಸಿಯಲ್ಲಿ ಅದಕ್ಕೂ ಬೇರೆ ನಿಯಮ ಇದೆ. ಒಯ್ಯುವ ಗುಂಡನ್ನೇ ಒಂದೆರಡು ಡಬ್ಬಿ ಹೊಡೆದು, ಸಿಕ್ಕಿಹಾಕಿಕೊಳ್ಳದೆ ಓಡುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಸೊಂಟಕ್ಕೆ ಇಡಿ.

ಗ್ಲಾಕ್ ಬಿಚ್ಚಿ ಒರೆಸಬೇಕಾದರೆ ಟ್ರಿಗರ್ ಒತ್ತಲೇಬೇಕು. ಪಿ365ಕ್ಕೆ ಅದು ಬೇಕಿಲ್ಲ. ಗ್ಲಾಕ್ ತಗೊಂಡವರು ಈ ಕ್ರಮ ಬಾಯಿಪಾಠ ಮಾಡಿ: ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಎಳೆದು ಒಳಗಿನ ಗುಂಡು ಹೊರಗೆ, ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿ, ಮೂತಿ ಸುರಕ್ಷಿತ ಕಡೆಗೆ ತಿರುಗಿಸಿ, ಆಮೇಲಷ್ಟೇ ಟ್ರಿಗರ್. ಮ್ಯಾಗಜೀನ್ ಒಳಗೇ ಬಿಟ್ಟು ಸ್ಲೈಡ್ ಎಳೆದರೆ ಒಂದು ಗುಂಡು ಹೊರಬಂದು ಇನ್ನೊಂದು ಒಳಗೆ ಹೋಗಿರುತ್ತದೆ.

ದಿನಾ ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ತುಂಬುವವರು ಒಂದೇ ಗುಂಡನ್ನು ಮತ್ತೆ ಮತ್ತೆ ಚೇಂಬರ್‌ಗೆ (ನಳಿಗೆಯ ಹಿಂದೆ ಗುಂಡು ಕೂರುವ ಜಾಗ) ಹಾಕಬೇಡಿ. ಪ್ರತಿ ಸಲ ತಗಲುವ ಪೆಟ್ಟಿಗೆ ಗುಂಡಿನ ತುದಿ ನಿಧಾನವಾಗಿ ಒಳಕ್ಕೆ ಸರಿಯುತ್ತದೆ, ಆಗ ಹೊಡೆದರೆ ಒಳಗಿನ ಒತ್ತಡ ಮಿತಿ ಮೀರಬಹುದು. ಡಬ್ಬಿಯ ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡ ಕಂಡರೆ ಅದನ್ನು ಬಳಸಬೇಡಿ. ಬೇಡದ ಗುಂಡು ಹಾಕಲು ರೇಂಜ್‌ಗಳಲ್ಲಿ ಪ್ರತ್ಯೇಕ ಡಬ್ಬ ಇಟ್ಟಿರುತ್ತಾರೆ, ಅಲ್ಲಿಗೆ ಹಾಕಿ.